ಕಥೆಗೂ ಒಂದು ತಾರೀಖು ಉಂಟು: ಆಫ್ರಿಕಾದ ಜನಪದದಲ್ಲಿ ಮೈಬಣ್ಣ ಮತ್ತು ಜನಾಂಗ

ಡಚ್ ವ್ಯಾಪಾರಿ ವಿಲ್ಲೆಮ್ ಬೋಸ್ಮನ್ ಇಂದಿನ ಘಾನಾ ದೇಶದ ಕರಾವಳಿಯಲ್ಲಿ ಹದಿನಾಲ್ಕು ವರ್ಷ ನೌಕರಿ ಮಾಡಿ, ಗಿನಿ ತೀರದ ಬಗ್ಗೆ 1704ರಲ್ಲಿ ಒಂದು ಪುಸ್ತಕ ಪ್ರಕಟಿಸಿದ. ಅಲ್ಲಿನ ಜನ ಹೇಳುತ್ತಿದ್ದರೆಂದು ಆತ ದಾಖಲಿಸಿರುವ ಕಥೆ ಚಿಕ್ಕದು. ದೇವರು ಕರಿಯರನ್ನೂ ಬಿಳಿಯರನ್ನೂ ಸೃಷ್ಟಿಸಿ ಅವರ ಮುಂದೆ ಎರಡು ವರಗಳನ್ನಿಟ್ಟ. ಒಂದು ಚಿನ್ನ, ಇನ್ನೊಂದು ಓದುಬರಹ. ಮೊದಲು ಆರಿಸಿಕೊಳ್ಳುವ ಹಕ್ಕು ಕರಿಯರದಾಗಿತ್ತು. ಅವರು ಚಿನ್ನವನ್ನು ಎತ್ತಿಕೊಂಡರು, ಅಕ್ಷರ ಬಿಳಿಯರ ಪಾಲಿಗೆ ಉಳಿಯಿತು. ಈ ಆಸೆಬುರುಕತನಕ್ಕೆ ಸಿಟ್ಟಾದ ದೇವರು, ಅಕ್ಷರ ಬಲ್ಲವರಿಗೆ ಚಿನ್ನ ಬಯಸಿದವರು ಎಂದೆಂದಿಗೂ ಗುಲಾಮರಾಗಲಿ ಎಂದು ವಿಧಿಸಿದ. ಇಂಥ ಕಥೆಗಳನ್ನು ಓದುವವರು ಸಾಮಾನ್ಯವಾಗಿ ಎರಡು ಪಂಗಡವಾಗುತ್ತಾರೆ. ಆಫ್ರಿಕನ್ನರೇ ತಮ್ಮ ಕೀಳುತನವನ್ನು ಒಪ್ಪಿಕೊಂಡಿದ್ದರು ಎನ್ನುವವರು ಒಂದು ಕಡೆ. ಇದೆಲ್ಲ ಗುಲಾಮರ ವ್ಯಾಪಾರಿಗಳ ಕೈವಾಡ, ಆಫ್ರಿಕಾದ ಜನಪದಕ್ಕೆ ಬಣ್ಣಭೇದದ ಸೋಂಕೇ ಇರಲಿಲ್ಲ ಎನ್ನುವವರು ಇನ್ನೊಂದು ಕಡೆ. ಎರಡು ಪಂಗಡದವರೂ ಜನಪದ ಕಥೆಯನ್ನು ಕಾಲದ ಹಂಗಿಲ್ಲದ ವಸ್ತುವೆಂದೇ ಭಾವಿಸುತ್ತಾರೆ. ಸಾಕ್ಷ್ಯಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಬೇರೆಯದೇ ಚಿತ್ರ ಕಾಣುತ್ತದೆ. ಬಣ್ಣಗಳಿಗೆ ಅರ್ಥ ಕೊಡುವ ರೂಢಿ ಆಫ್ರಿಕಾದಲ್ಲಿ ಬಹಳ ಹಳೆಯದು. ಜನಜನರ ನಡುವಿನ ವ್ಯತ್ಯಾಸಕ್ಕೆ ಕಾರಣ ಹೇಳುವ ಕಥೆಗಳೂ ಹಳೆಯವು. ಇವೆರಡೂ ಕೂಡಿ ಮೈಬಣ್ಣದ ಕಥೆಯಾದದ್ದು ಮಾತ್ರ ವ್ಯಾಪಾರ, ಗುಲಾಮಗಿರಿ, ವಸಾಹತುಗಳಂಥ ಗುರುತಿಸಬಹುದಾದ ಸನ್ನಿವೇಶಗಳಲ್ಲಿ. ಆದ್ದರಿಂದ ಈ ಕಥೆಗಳನ್ನು ಆದಿಕಾಲದ ನಂಬಿಕೆಗಳೆಂದು ಓದುವುದಕ್ಕಿಂತ, ಅಸಮಾನತೆಯನ್ನು ಅರ್ಥ ಮಾಡಿಕೊಳ್ಳಲು ಜನ ನಡೆಸಿದ ವಾದಗಳೆಂದು ಓದುವುದು ಸರಿ.

ಮೊದಲು ಕಣ್ಣಿಗೆ ಬೀಳಬೇಕಾದದ್ದು ಮೌನ. ಸುಮಾರು ಎರಡು ಸಾವಿರ ಭಾಷೆಗಳ ಖಂಡವೊಂದರ ಕಥಾಸಂಪತ್ತನ್ನು ಒಂದೇ ಮಾತಿನಲ್ಲಿ ಹಿಡಿಯಲಾಗದು, ನಿಜ. ಆದರೆ ಅದರ ಬಹುಪಾಲು ಮನುಷ್ಯರ ಮೈಬಣ್ಣದ ಗೊಡವೆಗೇ ಹೋಗುವುದಿಲ್ಲ ಎಂದು ಧೈರ್ಯವಾಗಿ ಹೇಳಬಹುದು. ಅಕಾನ್ ಜನರ ಜೇಡ ಅನಾನ್ಸೆ, ಯೊರುಬಾ ಕಥೆಗಳ ಆಮೆ, ಪೂರ್ವ ಮತ್ತು ದಕ್ಷಿಣ ಆಫ್ರಿಕಾದ ಮೊಲ, ಇವರ ಸಾಹಸಗಳಲ್ಲಿ ಗೆಲ್ಲುವುದು ಬುದ್ಧಿ, ಸೋಲುವುದು ದುರಾಸೆ. ವೀರಗಾಥೆಗಳಲ್ಲೂ ಹಾಗೆಯೇ. ಪಶ್ಚಿಮ ಆಫ್ರಿಕಾದ ಗ್ರಿಯೋ ಗಾಯಕರು ಹಾಡುವ ಸುಂಜಾಟನ ಕಥೆಯಲ್ಲಿ ನಾಯಕನ ತಾಯಿ ಸೊಗೊಲೊನ್ ಗೂನುಬೆನ್ನಿನ ಕುರೂಪಿ. ಸುಂಜಾಟ ಏಳು ವರ್ಷದವರೆಗೂ ನಡೆಯಲಾರದ ಮಗು. ದೇಹದ ಊನ, ಹುಟ್ಟಿನ ಗುಟ್ಟು, ಬಾಯಿಮಾತಿನ ಶಕ್ತಿ ಇವೆಲ್ಲ ಕಥೆಯನ್ನು ಮುಂದೆ ನಡೆಸುತ್ತವೆ. ಚರ್ಮದ ಬಣ್ಣಕ್ಕೆ ಅಲ್ಲಿ ಕೆಲಸವಿಲ್ಲ. ಎಲ್ಲರೂ ಹೆಚ್ಚುಕಡಿಮೆ ಒಂದೇ ಬಣ್ಣದವರಾಗಿರುವ ಕಡೆ ಬಣ್ಣ ಯಾರನ್ನೂ ಯಾರಿಂದಲೂ ಬೇರ್ಪಡಿಸಲಾರದು. ಬಣ್ಣದ ಸೂಕ್ಷ್ಮಗಳನ್ನು ಗುರುತಿಸುವ ಕಣ್ಣು ಅವರಿಗಿರಲಿಲ್ಲ ಎಂದೇನೂ ಅಲ್ಲ. ದಕ್ಷಿಣ ಸುಡಾನಿನ ಡಿಂಕಾ ಜನರ ಬಗ್ಗೆ ಗಾಡ್‌ಫ್ರೇ ಲೀನ್‌ಹಾರ್ಟ್ 1961ರಲ್ಲಿ ಬರೆದ ಗ್ರಂಥ ತೋರಿಸುವಂತೆ, ಅವರ ಬಣ್ಣದ ಪದಸಂಪತ್ತೆಲ್ಲ ದನಗಳ ಮೈಬಣ್ಣ, ಮಚ್ಚೆ, ಪಟ್ಟೆಗಳ ಸುತ್ತ ಬೆಳೆದದ್ದು. ಅಲ್ಲಿನ ಯುವಕನಿಗೆ ಅವನ ಎತ್ತಿನ ಬಣ್ಣದ ಮೇಲೆ ಹೆಸರು ಬರುತ್ತದೆ. ಎತ್ತಿನ ಮೈಯಲ್ಲಿ ಹತ್ತಾರು ಛಾಯೆಗಳನ್ನು ಬಿಡಿಸಿ ಹೇಳಬಲ್ಲ ಸಮಾಜ ಮನುಷ್ಯರ ಮೈಬಣ್ಣದಿಂದ ಮೇಲುಕೀಳುಗಳನ್ನು ಕಟ್ಟಲು ಹೊರಡಲಿಲ್ಲವೆಂದರೆ, ಅದಕ್ಕೆ ಅಂಥ ಅಗತ್ಯ ಬಿದ್ದಿರಲಿಲ್ಲ ಎಂದೇ ಅರ್ಥ.

ಇಲ್ಲೊಂದು ಆಕ್ಷೇಪಣೆ ಬರುತ್ತದೆ. ಆಫ್ರಿಕಾದ ಎಷ್ಟೋ ಆಚರಣೆಗಳಲ್ಲಿ ಬಿಳಿ ಶುಭ, ಕಪ್ಪು ಅಶುಭ. ಹಾಗಿದ್ದ ಮೇಲೆ ಬಿಳಿಯ ಮೋಹ ಅಲ್ಲಿಯೂ ಸಹಜವಲ್ಲವೇ? ವಿಕ್ಟರ್ ಟರ್ನರ್ ಜಾಂಬಿಯಾದ ಎನ್‌ಡೆಂಬು ಜನರ ನಡುವೆ ಇದ್ದು ನಡೆಸಿದ, 1967ರ ಪುಸ್ತಕದಲ್ಲಿ ಸಂಗ್ರಹವಾದ ಅಧ್ಯಯನ ಈ ಪ್ರಶ್ನೆಗೆ ಒಳ್ಳೆಯ ಒರೆಗಲ್ಲು. ಅವರ ಆಚರಣೆಗಳಲ್ಲಿ ಬಿಳಿ, ಕೆಂಪು, ಕಪ್ಪುಗಳ ತ್ರಿಕವಿದೆ. ಹಾಲು, ಆರೋಗ್ಯ, ನಿರ್ಮಲತೆ ಬಿಳಿಯ ಕಡೆ. ಒಳಿತು ಕೆಡುಕು ಎರಡನ್ನೂ ಹೊತ್ತ ರಕ್ತ ಕೆಂಪಿನ ಕಡೆ. ಸಾವು, ಮಾಟ, ದುರದೃಷ್ಟ ಕಪ್ಪಿನ ಕಡೆ. ಆದರೆ ಇವು ಜೇಡಿಮಣ್ಣು, ಕಾವಿ, ಇದ್ದಿಲುಗಳ ಬಣ್ಣಗಳು, ಚರ್ಮದವಲ್ಲ. ಕಡುಕಪ್ಪು ಮೈಯ ಹೆಣ್ಣನ್ನು ಪ್ರೇಯಸಿಯಾಗಿ ಬಯಸುತ್ತೇವೆಂದು ಅದೇ ಎನ್‌ಡೆಂಬು ಗಂಡಸರು ಟರ್ನರ್‌ಗೆ ಹೇಳಿದ್ದರು. ಬಿಳಿಗೂ ಎಲ್ಲ ಕಡೆ ಮಂಗಳದ ಅರ್ಥವಿಲ್ಲ. ಕಾಂಗೋ ಜನರಿಗೆ ಬಿಳಿ ಎಂದರೆ ನೀರಿನಾಚೆಗಿನ ಸತ್ತವರ ಲೋಕ. ಗಬಾನಿನ ಪುನು ಜನರ ಬಿಳಿಜೇಡಿ ಬಳಿದ ಮುಖವಾಡಗಳಲ್ಲಿ ಆ ಲೋಕದಿಂದ ಬಂದ ಹೆಣ್ಣುಚೇತನ ಮೂಡಿದೆ. ಅದಕ್ಕೂ ಐರೋಪ್ಯ ಮುಖಕ್ಕೂ ಸಂಬಂಧವಿಲ್ಲ. ಸಿಯೆರಾ ಲಿಯೋನಿನ ಮೆಂಡೆ ಹೆಂಗಸರ ಸಾಂಡೆ ಕೂಟದಲ್ಲಿ ಹೆಣ್ಣಿನ ಸೌಂದರ್ಯದ ಆದರ್ಶವನ್ನು ಹೊತ್ತ ಮುಖವಾಡವಂತೂ ಪೂರ್ತಿ ಕಪ್ಪು, ನೀರಿನಿಂದ ಆಗತಾನೆ ಎದ್ದು ಬಂದಂತೆ ಮಿರುಗುವ ಕಪ್ಪು. ಸಿಲ್ವಿಯಾ ಬೂನ್ 1986ರಲ್ಲಿ ಈ ಕುರಿತು ಒಂದು ಇಡೀ ಪುಸ್ತಕ ಬರೆದರು. ಆಚರಣೆಯ ಬಣ್ಣವನ್ನು ಮೈಬಣ್ಣದ ಮೇಲೆ ನೇರವಾಗಿ ಹೊದಿಸುವುದು ನೋಡುವವರ ಅವಸರ. ಆ ಬಣ್ಣಗಳ ಮೊದಲ ಕೆಲಸ ಬದುಕಿದವರನ್ನು ಸತ್ತವರಿಂದ, ಮನುಷ್ಯರನ್ನು ಚೇತನಗಳಿಂದ ಬೇರೆ ಮಾಡುವುದು.

ಐರೋಪ್ಯರು ಬಂದಾಗ ಈ ಹಳೆಯ ಅರ್ಥಗಳೇ ಅವರನ್ನು ಅರ್ಥ ಮಾಡಿಕೊಳ್ಳುವ ಸಾಧನಗಳಾದವು. 1480ರ ದಶಕದಲ್ಲಿ ಪೋರ್ಚುಗೀಸರ ಹಡಗುಗಳು ಕಾಂಗೋ ನದಿಯ ಮುಖಕ್ಕೆ ಬಂದಾಗ, ಸಮುದ್ರದಾಚೆಯಿಂದ ಸಂಪತ್ತು ಹೊತ್ತು ಬಂದ ಬೆಳ್ಳನೆಯ ಜನರನ್ನು ಸತ್ತವರ ಲೋಕದವರೆಂದು ಭಾವಿಸಲು ಅಲ್ಲಿನ ಲೋಕದೃಷ್ಟಿಯಲ್ಲಿ ತಕ್ಕ ಕಾರಣಗಳಿದ್ದವು. ಕಾಂಗೋ ಸಂಸ್ಕೃತಿಯ ವಿದ್ವಾಂಸ ವ್ಯಾಟ್ ಮಕ್‌ಗ್ಯಾಫಿ ಇದನ್ನು ವಿವರವಾಗಿ ತೋರಿಸಿದ್ದಾರೆ. ಆ ಭಾವನೆಯಲ್ಲಿ ಗೌರವವಿತ್ತು, ಅಂಜಿಕೆಯೂ ಇತ್ತು. ಗುಲಾಮರ ವ್ಯಾಪಾರ ಬೆಳೆದಂತೆ ಅಂಜಿಕೆ ಮೇಲುಗೈ ಪಡೆಯಿತು. ಕಡಲು ದಾಟಿ ಹೋದವರು ತಿರುಗಿ ಬರುವುದಿಲ್ಲ; ಹೋದವರ ಬದಲು ಬಟ್ಟೆ, ಮದ್ಯ, ಬಂದೂಕು ಬರುತ್ತವೆ. ಇದಕ್ಕೆ ಜನ ಕಂಡುಕೊಂಡ ವಿವರಣೆ ಭೀಕರವಾದರೂ ತರ್ಕಬದ್ಧ: ಬಿಳಿಯರು ಮನುಷ್ಯರನ್ನು ತಿನ್ನುತ್ತಾರೆ, ಒಯ್ದವರ ರಕ್ತದಿಂದ ಕೆಂಪು ಮದ್ಯ, ಮಾಂಸದಿಂದ ಎಣ್ಣೆ, ಮಿದುಳಿನಿಂದ ಚೀಸ್, ಮೂಳೆಯ ಬೂದಿಯಿಂದ ಕೋವಿಮದ್ದು ಮಾಡುತ್ತಾರೆ. ಅಂಗೋಲಾದ ಗುಲಾಮರ ವ್ಯಾಪಾರದ ಬಗ್ಗೆ ಜೋಸೆಫ್ ಮಿಲ್ಲರ್ 1988ರಲ್ಲಿ ಬರೆದ ಚರಿತ್ರೆಯಲ್ಲಿ ಈ ವದಂತಿಗಳ ವಿವರವಿದೆ. ಗುಲಾಮನಾಗಿ ಮಾರಾಟವಾಗಿದ್ದ ಒಲಾಡಾ ಇಕ್ವಿಯಾನೋ ತನ್ನ 1789ರ ಆತ್ಮಕಥೆಯಲ್ಲಿ, ಕೆಂಪು ಮುಖದ ಉದ್ದಗೂದಲಿನ ಆ ಜನ ತನ್ನನ್ನು ತಿಂದುಬಿಡುತ್ತಾರೆಂದು ಹಡಗಿನಲ್ಲಿ ನಡುಗಿದ್ದನ್ನು ಹೇಳಿದ್ದಾನೆ. ಇಪ್ಪತ್ತನೆಯ ಶತಮಾನದಲ್ಲೂ ಪೂರ್ವ ಮತ್ತು ಮಧ್ಯ ಆಫ್ರಿಕಾದ ಊರುಗಳಲ್ಲಿ, ಅಗ್ನಿಶಾಮಕ ದಳದವರು ಬಿಳಿಯರಿಗಾಗಿ ಜನರ ರಕ್ತ ಹೀರುತ್ತಾರೆಂಬ ಕಥೆಗಳು ಓಡಾಡುತ್ತಿದ್ದವು. ಲೂಯಿಸ್ ವೈಟ್ 2000ದಲ್ಲಿ ಅವನ್ನು ವಸಾಹತು ಚರಿತ್ರೆಯ ಆಕರಗಳಾಗಿಯೇ ಓದಿದರು. ಈ ಎಲ್ಲ ಕಥೆಗಳಲ್ಲಿ ಬಿಳಿ ಚರ್ಮ ಗುರುತಿನ ಚೀಟಿ ಮಾತ್ರ. ಆರೋಪ ಇರುವುದು ಕೃತ್ಯದ ಮೇಲೆ: ಮನುಷ್ಯರನ್ನು ಸರಕಾಗಿ ಕರಗಿಸುವ ಕೃತ್ಯದ ಮೇಲೆ.

ಮೈಬಣ್ಣದ ಹುಟ್ಟನ್ನೇ ವಿಷಯವಾಗಿ ಇಟ್ಟುಕೊಂಡ ಕಥೆಗಳೂ ಇವೆ, ಮತ್ತು ಅವುಗಳ ಧಾಟಿ ಅನೇಕ ಸಲ ನಗೆಯದು. ಜೇಮ್ಸ್ ಫ್ರೇಜರ್ 1918ರ ತನ್ನ ಗ್ರಂಥದಲ್ಲಿ ಉಲ್ಲೇಖಿಸುವ, ಬಿಳಿ ನೈಲ್ ತೀರದ ಶಿಲುಕ್ ಜನರ ಕಥೆಯಲ್ಲಿ ಸೃಷ್ಟಿಕರ್ತ ಜುವೋಕ್ ಲೋಕ ಸುತ್ತುತ್ತ ಮನುಷ್ಯರನ್ನು ಮಾಡುತ್ತಾನೆ. ಬಿಳಿಯರ ನಾಡಿನಲ್ಲಿ ಬಿಳಿ ಮರಳು ಸಿಕ್ಕಿತು, ಅದರಿಂದ ಬಿಳಿಯರಾದರು. ಈಜಿಪ್ಟಿನಲ್ಲಿ ನೈಲ್ ನದಿಯ ಕೆಸರು ಸಿಕ್ಕಿತು, ಕಂದುಬಣ್ಣದವರಾದರು. ಶಿಲುಕರ ನಾಡಿನಲ್ಲಿ ಕಪ್ಪು ಮಣ್ಣು ಸಿಕ್ಕಿತು, ಶಿಲುಕರಾದರು. ಮಾಡಿದವನು ಒಬ್ಬನೇ, ಮಣ್ಣು ಮಾತ್ರ ಆಯಾ ಊರಿನದು. ಇಥಿಯೋಪಿಯಾದಲ್ಲಿ ಪ್ರಚಲಿತವಾದ ಕಥೆ ಇಷ್ಟು ಸಮಚಿತ್ತದ್ದಲ್ಲ. ದೇವರು ಮಣ್ಣಿನ ಮನುಷ್ಯರನ್ನು ಸುಡುವಾಗ ಮೊದಲ ಸಲ ಬೇಗ ಹೊರತೆಗೆದ, ಬಿಳಿಚಿಕೊಂಡರು; ಎರಡನೆಯ ಸಲ ಹೆಚ್ಚು ಹೊತ್ತು ಬಿಟ್ಟ, ಕರಕಲಾದರು; ಮೂರನೆಯ ಸಲ ಹದವಾಗಿ ಬೆಂದವರೇ ಇಥಿಯೋಪಿಯನ್ನರು. ಇಲ್ಲಿ ಮೇಲುಕೀಳು ಇದೆ, ಆದರೆ ಅದರ ಶಿಖರದಲ್ಲಿ ಕಥೆ ಹೇಳುವವನೇ ಕೂತಿದ್ದಾನೆ. 1352ರಲ್ಲಿ ಮಾಲಿ ಸಾಮ್ರಾಜ್ಯಕ್ಕೆ ಹೋದ ಇಬ್ನ್ ಬತೂತ, ನರಭಕ್ಷಕರು ಬಿಳಿಯರನ್ನು ಮುಟ್ಟುವುದಿಲ್ಲವಂತೆ, ಅವರು ಇನ್ನೂ ಮಾಗಿಲ್ಲದ ಕಾರಣ ತಿಂದರೆ ಕೇಡು ಎಂದು ಹೇಳುತ್ತಾರಂತೆ ಎಂಬ ಮಾತನ್ನು ಅಲ್ಲಿ ಕೇಳಿಸಿಕೊಂಡ. 1795ರಲ್ಲಿ ಬೊಂದು ರಾಜ್ಯದ ಅರಸನ ರಾಣಿಯರು ಮುಂಗೋ ಪಾರ್ಕ್‌ನನ್ನು ನೋಡಿ, ಚಿಕ್ಕಂದಿನಲ್ಲಿ ಹಾಲಿನಲ್ಲಿ ಅದ್ದಿದ್ದಕ್ಕೇ ಇವನಿಗೆ ಈ ಬಣ್ಣ, ದಿನವೂ ಹಿಂಡಿದ್ದಕ್ಕೇ ಈ ಮೂಗು ಎಂದು ಗೇಲಿ ಮಾಡಿದರು. ಚಿನುವಾ ಅಚಿಬೆಯ 1958ರ ಮೊದಲ ಕಾದಂಬರಿಯಲ್ಲಿ ಇಗ್ಬೊ ಹಿರಿಯರು ಸುಣ್ಣದ ಬಳಪದಂಥ ಮನುಷ್ಯರ ಬಗ್ಗೆ ಕೇಳಿ ನಕ್ಕು, ಅದನ್ನು ಕುಷ್ಠರೋಗಕ್ಕೆ ಹೋಲಿಸುವ ಸಂಭಾಷಣೆಯ ಬೇರು ಇಂಥ ಮೌಖಿಕ ನಗೆಯಲ್ಲೇ ಇದೆ. ಬಿಳಿಯ ಬಣ್ಣ ವಿವರಣೆ ಬೇಡುವ ವಿಚಿತ್ರ. ಕಪ್ಪು ವಿವರಣೆ ಬೇಕಿಲ್ಲದ ಸಹಜ.

ಬಣ್ಣದ ಮೂಲಕಥೆಯನ್ನು ಬೇಕೆಂದೇ ಹೋರಾಟಕ್ಕೆ ಬಳಸಿದ ಉದಾಹರಣೆಯೂ ಉಂಟು, ಅದಕ್ಕೆ ಖಚಿತ ತಾರೀಖೂ ಉಂಟು. 1704ರಿಂದ 1706ರವರೆಗೆ ಕಾಂಗೋ ರಾಜ್ಯದಲ್ಲಿ ಕಿಂಪಾ ವಿಟಾ ಎಂಬ ಯುವತಿ, ದೊನಾ ಬಿಯಾಟ್ರಿಸ್ ಎಂದೂ ಕರೆಸಿಕೊಂಡವಳು, ಸಂತ ಅಂತೋನಿ ತನ್ನ ಮೈಯಲ್ಲಿ ಬಂದಿದ್ದಾನೆಂದು ಸಾರಿ ದೊಡ್ಡ ಚಳವಳಿಯನ್ನೇ ಎಬ್ಬಿಸಿದಳು. ಯೇಸುವೂ ಮರಿಯಳೂ ಕಾಂಗೋದವರೇ ಎಂದಳು. ಬಿಳಿಯರು ಒಂದು ಬಗೆಯ ಮೆದುಕಲ್ಲಿನಿಂದ ಹುಟ್ಟಿದವರು, ಕರಿಯರು ಮರದಿಂದ ಹುಟ್ಟಿದವರು ಎಂಬುದು ಅವಳ ಬೋಧನೆಯಲ್ಲಿ ಸೇರಿತ್ತು. ಆ ಮರದ ತೊಗಟೆಯಿಂದ ಮಾಡಿದ ಬಟ್ಟೆ, ಹಗ್ಗಗಳು ಅಲ್ಲಿನವರ ಬದುಕಿಗೆ ಬಳಕೆಯಾದವು. ಹೀಗೆ ಎರಡು ಜನಕ್ಕೂ ಎರಡು ಮೂಲಗಳನ್ನು ಕೊಟ್ಟು, ಪಾದ್ರಿಗಳ ಧರ್ಮವನ್ನೇ ಅವಳು ತನ್ನ ಜನರ ಕಡೆ ತಿರುಗಿಸಿದಳು. ಅಂತರ್ಯುದ್ಧದಲ್ಲಿ ಒಡೆದ ರಾಜ್ಯವನ್ನು ಒಂದುಗೂಡಿಸುವುದು ಅವಳ ಗುರಿಯಾಗಿತ್ತು. ಕಪುಚಿನ್ ಪಾದ್ರಿಗಳ ಒತ್ತಾಸೆಯಿಂದ 1706ರ ಜುಲೈನಲ್ಲಿ ಅವಳನ್ನು ಸುಟ್ಟು ಕೊಂದರು. ಬೋಸ್ಮನ್ನನ ಪುಸ್ತಕ ಮುದ್ರಣಗೊಂಡ ವರ್ಷವೇ ಅವಳ ಚಳವಳಿ ಆರಂಭವಾಯಿತೆಂಬುದನ್ನು ನೆನಪಿಡಬೇಕು. ಒಂದೇ ಕಾಲದಲ್ಲಿ, ಗುಲಾಮರ ವ್ಯಾಪಾರದ ನೆರಳಿನಲ್ಲೇ ಇದ್ದ ಎರಡು ನಾಡುಗಳಲ್ಲಿ, ಬಣ್ಣದ ಬಗ್ಗೆ ಎರಡು ವಿರುದ್ಧ ದಿಕ್ಕಿನ ಕಥೆಗಳು ಹುಟ್ಟಬಲ್ಲವು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಸಿಗುವುದು ಕಷ್ಟ.

ಈಗ ಬೋಸ್ಮನ್ನನ ಕಥೆಯ ಒಳರಚನೆಯನ್ನು ನೋಡಬಹುದು. ಇಬ್ಬರು, ಎರಡು ವಸ್ತು, ಒಂದು ಆಯ್ಕೆ ಅಥವಾ ಒಂದು ತಪ್ಪು, ಅದರಿಂದ ಶಾಶ್ವತ ವ್ಯತ್ಯಾಸ. ಈ ಅಚ್ಚು ಐರೋಪ್ಯರಿಲ್ಲದ ಕಥೆಗಳಲ್ಲೂ ಧಾರಾಳವಾಗಿ ಸಿಗುತ್ತದೆ. ಮಾಸಾಯಿ ಜನರ ಕಥೆಯಲ್ಲಿ ದೇವರು ಆಕಾಶದಿಂದ ಚರ್ಮದ ಹಗ್ಗದ ಮೇಲೆ ದನಗಳನ್ನು ಇಳಿಸುತ್ತಾನೆ. ಬೇಟೆಗಾರ ಡೊರೊಬೊ ಅದನ್ನು ತುಂಡರಿಸಿ ದನವಿಲ್ಲದವನಾಗಿ ಉಳಿಯುತ್ತಾನೆ. ಕಲಹರಿಯ ಸ್ಯಾನ್ ಜನ ಹೇಳುವಂತೆ, ತಮ್ಮ ಹಿರಿಯನೂ ದನಗಾಹಿ ಕರಿಯರ ಹಿರಿಯನೂ ಹಗ್ಗ ಜಗ್ಗಿದರು. ಹಗ್ಗ ಹರಿದಾಗ ನಾರಿನ ತುಂಡು ಸ್ಯಾನರ ಕೈಯಲ್ಲಿ, ಚರ್ಮದ ತುಂಡು ದನಗಾಹಿಯ ಕೈಯಲ್ಲಿ ಉಳಿಯಿತು. ಇವಾನ್ಸ್ ಪ್ರಿಚರ್ಡ್ 1940ರಲ್ಲಿ ದಾಖಲಿಸಿದ ನುಯೆರ್ ಕಥೆಯಲ್ಲಿ ದೇವರು ಮುದಿ ಹಸುವನ್ನು ಡಿಂಕಾನಿಗೂ ಕರುವನ್ನು ನುಯೆರ್‌ಗೂ ಕೊಡುವುದಾಗಿ ಹೇಳಿದ್ದ. ಡಿಂಕಾ ಕತ್ತಲಲ್ಲಿ ನುಯೆರ್‌ನ ದನಿ ಅನುಕರಿಸಿ ಕರುವನ್ನು ಲಪಟಾಯಿಸಿದ, ಅಂದಿನಿಂದ ಡಿಂಕಾರ ದನ ಹೊಡೆದು ತರುವುದು ನುಯೆರ್‌ಗೆ ದೇವರೇ ಕೊಟ್ಟ ಹಕ್ಕು. ಇವೆಲ್ಲ ಕಸುಬು ಮತ್ತು ಆಸ್ತಿಯ ಕಥೆಗಳು. ಕರಾವಳಿಗೆ ಹಡಗು ಬಂದಾಗ ಇದೇ ಅಚ್ಚಿನೊಳಗೆ ಹೊಸ ಪಾತ್ರ ಬಂತು. ದನದ ಜಾಗಕ್ಕೆ ಚಿನ್ನವೂ ಕಾಗದವೂ ಬಂದವು. 1817ರಲ್ಲಿ ಕುಮಾಸಿಗೆ ಹೋದ ಬ್ರಿಟಿಷ್ ನಿಯೋಗದ ಬೌಡಿಚ್ 1819ರಲ್ಲಿ ಪ್ರಕಟಿಸಿದ ಅಶಾಂತಿ ರೂಪದಲ್ಲಿ ಕರಿಯರು ಆರಿಸಿಕೊಂಡ ಸೋರೆಬುರುಡೆಯಲ್ಲಿ ಚಿನ್ನ, ಕಬ್ಬಿಣ ಮತ್ತು ಇತರ ಲೋಹಗಳಿದ್ದವು. ಬಿಳಿಯರಿಗೆ ಸಿಕ್ಕಿದ ಮುಚ್ಚಿದ ಕಾಗದ ಅವರಿಗೆ ಎಲ್ಲವನ್ನೂ ಹೇಳಿಕೊಟ್ಟಿತು, ದೇವರು ಅವರನ್ನು ಕಡಲ ದಡಕ್ಕೆ ಕರೆದೊಯ್ದು ಹಡಗು ಕಟ್ಟುವುದನ್ನು ಕಲಿಸಿದ. ಕ್ಯಾಮರೂನಿನ ಬುಲು ಜನರ ಕಥೆಯಲ್ಲಿ ಗೊರಿಲ್ಲಾ, ಚಿಂಪಾಂಜಿ, ಆನೆಗಳೂ ಮನುಷ್ಯರ ಒಡಹುಟ್ಟಿದವರು. ಬಿಳಿಯ ತಮ್ಮ ಹೊಗೆಗೆ ಕಣ್ಣುರಿದು ಬೆಂಕಿ ಬಿಟ್ಟು ಪುಸ್ತಕ ಹಿಡಿದು ಹೊರಟ, ಕರಿಯ ಅಣ್ಣ ಬೆಂಕಿಯ ಬಳಿ ಉಳಿದ. ಹೆನ್ರಿ ಕ್ಯಾಲವೇ 1868ರಿಂದ ಪ್ರಕಟಿಸಿದ ಜುಲು ಹೇಳಿಕೆಗಳಲ್ಲಿ ಕರಿಯರು ಮೂಲಸ್ಥಾನದಿಂದ ಮೊದಲೇ ಅವಸರದಲ್ಲಿ ಕೆಲವೇ ವಸ್ತುಗಳೊಂದಿಗೆ ಹೊರಬಂದರೆ, ಬಿಳಿಯರು ನಿಧಾನವಾಗಿ ಎಲ್ಲವನ್ನೂ ಹೊತ್ತು ಬಂದರು.

ಈ ಕಥೆಗಳು ಒಳಗೆ ಇಳಿದ ಕೀಳರಿಮೆಯ ಗುರುತಲ್ಲವೇ ಎಂಬ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಬೋಸ್ಮನ್ನನ ರೂಪದಲ್ಲಿ ಗುಲಾಮಗಿರಿಗೆ ದೈವಸಮ್ಮತಿ ಇರುವುದು ಸ್ಪಷ್ಟ; ಅದನ್ನು ಬರೆದುಕೊಂಡವನು ಗುಲಾಮರನ್ನು ಕೊಳ್ಳುತ್ತಿದ್ದ ಕಂಪನಿಯ ನೌಕರ ಎಂಬುದೂ ಸ್ಪಷ್ಟ. ಹೇಳುವವನು ಎದುರಿಗಿರುವವನ ಮುಖ ನೋಡಿ ಕಥೆಯನ್ನು ತಿರುಗಿಸಿರಬಹುದು, ಬರೆದುಕೊಳ್ಳುವವನು ತನಗೆ ಬೇಕಾದ ಮುಕ್ತಾಯ ಅಂಟಿಸಿರಬಹುದು. ಇಷ್ಟಾದರೂ ಈ ಬಗೆಯ ಕಥೆಗಳು ಹೇಳುವ ಮುಖ್ಯ ಮಾತೊಂದನ್ನು ಮರೆಯಬಾರದು: ಆರಂಭದಲ್ಲಿ ಇಬ್ಬರೂ ಸಮಾನರು, ಹಲವು ಕಡೆ ಒಬ್ಬನೇ ತಂದೆಯ ಮಕ್ಕಳು, ಕರಿಯನೇ ಹಿರಿಯ, ಮೊದಲ ಆಯ್ಕೆ ಅವನದು. ಅಂತರ ಬಂದದ್ದು ಒಂದು ಗಳಿಗೆಯ ಆಯ್ಕೆಯಿಂದ, ರಕ್ತದಿಂದಲ್ಲ. ಹತ್ತೊಂಬತ್ತನೆಯ ಶತಮಾನದ ಯುರೋಪಿನ ಜನಾಂಗವಿಜ್ಞಾನ ತಲೆಬುರುಡೆ ಅಳೆದು ಹೇಳುತ್ತಿದ್ದದ್ದಕ್ಕೆ ಇದು ನೇರ ವಿರುದ್ಧ. ಬಿಳಿಯರ ಮೇಲುಗೈಗೆ ಈ ಕಥೆಗಳು ಕೊಡುವ ಕಾರಣವೂ ಚರಿತ್ರೆಗೆ ಹತ್ತಿರವಾಗಿದೆ: ಅಕ್ಷರ, ಹಡಗು, ಲೋಹ. ಕಪ್ಪು ಜನ ಅಟ್ಲಾಂಟಿಕ್ ದಾಟಿಹೋದ ಮೇಲೆ ಇದೇ ಕಥೆ ಇನ್ನಷ್ಟು ಹರಿತವಾಯಿತು. ಜೋರಾ ನೀಲ್ ಹರ್ಸ್ಟನ್ ಫ್ಲಾರಿಡಾದಲ್ಲಿ ಸಂಗ್ರಹಿಸಿ 1935ರಲ್ಲಿ ಪ್ರಕಟಿಸಿದ ಕಥೆಗಳಲ್ಲಿ ಕರಿಯ ಓಡಿಹೋಗಿ ದೊಡ್ಡ ಗಂಟನ್ನು ಹಿಡಿಯುತ್ತಾನೆ, ಬಿಚ್ಚಿದರೆ ಸಲಿಕೆ, ಗುದ್ದಲಿ. ಬಿಳಿಯನ ಚಿಕ್ಕ ಗಂಟಿನಲ್ಲಿ ಲೇಖನಿ, ಶಾಯಿ. ಇನ್ನೊಂದು ಕಥೆಯಲ್ಲಿ ಬಣ್ಣ ಹಂಚುವ ದಿನ ನೂಕುನುಗ್ಗಲಾಗಿ, ಹಿಂದೆ ಸರಿಯಿರಿ ಎಂದು ದೇವರು ಕೂಗಿದ್ದನ್ನು ಕಪ್ಪಾಗಿರಿ ಎಂದು ಜನ ಕೇಳಿಸಿಕೊಳ್ಳುತ್ತಾರೆ. ಕಪ್ಪು ದೇವರ ಶಾಪವೆಂದು ಅಮೆರಿಕದ ಚರ್ಚುಗಳಲ್ಲಿ ಉಪದೇಶ ಕೇಳಿ ಬೆಳೆದ ಜನ ಅದನ್ನು ಕಿವಿಯ ತಪ್ಪಿಗೆ ಇಳಿಸಿ ನಕ್ಕದ್ದು ಕೀಳರಿಮೆಯ ಲಕ್ಷಣವಾಗಲಾರದು. ಈ ನಗುವಿನಲ್ಲಿ ನೋವು ಇದೆ, ಒಪ್ಪಿಗೆ ಇಲ್ಲ.

ಇದರ ಎದುರು ದಿಕ್ಕಿನ ಆಕ್ಷೇಪಣೆಯೂ ಅಷ್ಟೇ ಗಟ್ಟಿಯಾದದ್ದು. ಎಲ್ಲ ಕೇಡೂ ಯುರೋಪಿನಿಂದಲೇ ಬಂತೆಂದರೆ ಸಹಾರಾದ ಅಂಚಿನ ಚರಿತ್ರೆಯನ್ನು ಮುಚ್ಚಿಟ್ಟಂತಾಗುತ್ತದೆ. ಬ್ರೂಸ್ ಹಾಲ್ 2011ರ ತಮ್ಮ ಗ್ರಂಥದಲ್ಲಿ ತೋರಿಸಿದಂತೆ, ನೈಜರ್ ನದಿಯ ಬಾಗಿನ ಪ್ರದೇಶದಲ್ಲಿ ಅರಬ್ ವಂಶಾವಳಿಯನ್ನು ಹೇಳಿಕೊಳ್ಳುವವರು ತಮ್ಮನ್ನು ಬಿಳಿಯರೆಂದೂ ಇತರರನ್ನು ಕರಿಯರೆಂದೂ ಕರೆದುಕೊಳ್ಳುವ ವಾಡಿಕೆ ಫ್ರೆಂಚರು ಬರುವುದಕ್ಕೆ ಬಹಳ ಮೊದಲೇ ಬೇರೂರಿತ್ತು, ಮತ್ತು ಅದು ಗುಲಾಮಗಿರಿಗೆ ಆಸರೆಯಾಗಿತ್ತು. ನೋಹನ ಮಗ ಹಾಮನ ಶಾಪದಿಂದ ಕರಿಯರು ಗುಲಾಮರಾದರೆಂಬ ಕಥೆ ಅಲ್ಲಿಯೂ ಓಡಾಡಿತ್ತು, ಬೈಬಲ್ಲಿನ ಆದಿಕಾಂಡದಲ್ಲಿ ಮೈಬಣ್ಣದ ಮಾತೇ ಇಲ್ಲದಿದ್ದರೂ. ಆದರೆ ಅದೇ ನೆಲದಲ್ಲಿ ಅದಕ್ಕೆ ಉತ್ತರವೂ ಹುಟ್ಟಿತು. ಟಿಂಬಕ್ಟುವಿನ ವಿದ್ವಾಂಸ ಅಹ್ಮದ್ ಬಾಬಾ 1615ರ ಸುಮಾರಿಗೆ ಬರೆದ ಧರ್ಮನಿರ್ಣಯದಲ್ಲಿ ಗುಲಾಮಗಿರಿಗೆ ಕಾರಣ ಅವಿಶ್ವಾಸವೇ ಹೊರತು ಬಣ್ಣವಲ್ಲ, ಹಾಮನ ಕಥೆಗೆ ಕಾನೂನಿನ ಬಲವಿಲ್ಲ ಎಂದು ವಾದಿಸಿದ. ಅವನು ಗುಲಾಮಗಿರಿಯನ್ನೇ ವಿರೋಧಿಸಲಿಲ್ಲ ಎಂಬುದನ್ನೂ ಹೇಳಬೇಕು. ಆದರೂ ಈ ಪ್ರಕರಣ ನಮ್ಮ ವಾದವನ್ನು ಸಡಿಲಗೊಳಿಸುವುದಿಲ್ಲ, ಬಿಗಿಗೊಳಿಸುತ್ತದೆ. ಬಣ್ಣದ ಶ್ರೇಣಿ ಸಹಾರಾದ ಅಂಚಿನಲ್ಲಿ ತಲೆ ಎತ್ತಿದ್ದು ಅಲ್ಲಿ ಮರುಭೂಮಿಯನ್ನು ದಾಟುವ ಗುಲಾಮರ ವ್ಯಾಪಾರ ಇದ್ದುದರಿಂದ; ಅಟ್ಲಾಂಟಿಕ್ ತೀರದಲ್ಲಿ ಕಡಲು ದಾಟಿಸುವ ವ್ಯಾಪಾರ ಇದ್ದುದರಿಂದ. ಕಥೆಯನ್ನು ಹುಟ್ಟಿಸಿದ್ದು ಖಂಡವೂ ಅಲ್ಲ, ಧರ್ಮವೂ ಅಲ್ಲ, ಮನುಷ್ಯರನ್ನು ಕೊಂಡು ಮಾರುವ ವ್ಯವಸ್ಥೆ.

ಮೈಬಣ್ಣವಿಲ್ಲದ ಕಥೆಗೂ ಜನಾಂಗದ ವಿಷ ಹೇಗೆ ಏರಬಲ್ಲದು ಎಂಬುದಕ್ಕೆ ರುವಾಂಡ ಸಾಕ್ಷಿ. ಅಲ್ಲಿನ ಹಳೆಯ ಕಥೆಯಲ್ಲಿ ಮೂವರು ಅಣ್ಣತಮ್ಮಂದಿರಿಗೆ ರಾತ್ರಿಯಿಡೀ ಹಾಲಿನ ಪಾತ್ರೆ ಕಾಯುವ ಪರೀಕ್ಷೆ. ಗತ್ವಾ ಕುಡಿದುಬಿಟ್ಟ, ಗಹುತು ಚೆಲ್ಲಿಬಿಟ್ಟ, ಗತುತ್ಸಿ ಜೋಪಾನವಾಗಿ ಉಳಿಸಿದ. ಅದಕ್ಕೇ ಒಡೆತನ ತುತ್ಸಿಗಳಿಗೆ. ಅರಮನೆಗೆ ಅನುಕೂಲವಾದ ಶ್ರೇಣಿಯ ಕಥೆ ಇದು, ನಿಷ್ಪಾಪವಾದದ್ದೇನಲ್ಲ. ಆದರೂ ಮೂ‌ವರೂ ಒಂದೇ ಮನೆಯವರು. ಜಾನ್ ಹ್ಯಾನಿಂಗ್ ಸ್ಪೀಕ್ 1863ರ ತನ್ನ ಪ್ರವಾಸಗ್ರಂಥದಲ್ಲಿ, ಈ ಭಾಗದ ಆಳುವ ವರ್ಗದವರು ಇಥಿಯೋಪಿಯಾ ಕಡೆಯಿಂದ ಬಂದ ಮೇಲು ಜನಾಂಗದವರು ಎಂಬ ಊಹೆಯನ್ನು ಮುಂದಿಟ್ಟ. ಹಾಮನ ಹೆಸರು ಇಲ್ಲಿ ತಿರುಗುಮುರುಗಾಯಿತು: ಹಿಂದೆ ಶಾಪಗ್ರಸ್ತ ಕರಿಯರ ಮೂಲಪುರುಷನಾಗಿದ್ದವನು ಈಗ ಆಫ್ರಿಕಾಕ್ಕೆ ನಾಗರಿಕತೆ ತಂದ ಬಿಳಿಯ ಬಳಗದ ಹಿರಿಯನಾದ. 1930ರ ದಶಕದಲ್ಲಿ ಬೆಲ್ಜಿಯಂ ಆಡಳಿತ ಗುರುತಿನ ಚೀಟಿಯ ಮೇಲೆ ಹುತು, ತುತ್ಸಿ, ತ್ವಾ ಎಂದು ಅಚ್ಚೊತ್ತಿತು. 1992ರ ನವೆಂಬರಿನಲ್ಲಿ ರಾಜಕಾರಣಿ ಲಿಯೋನ್ ಮುಗೆಸೆರಾ, ತುತ್ಸಿಗಳನ್ನು ನ್ಯಬರೊಂಗೊ ನದಿಯ ದಾರಿಯಾಗಿ ಇಥಿಯೋಪಿಯಾಕ್ಕೆ ವಾಪಸು ಕಳಿಸುವ ಮಾತಾಡಿದ. 1994ರ ನರಮೇಧದಲ್ಲಿ ಆ ನದಿಯಲ್ಲಿ ಹೆಣಗಳು ತೇಲಿದವು. ಹಾಲಿನ ಪಾತ್ರೆಯ ಕಥೆ ಒಂದು ಕೊಲೆಯನ್ನೂ ಮಾಡಿಸಿರಲಿಲ್ಲ ಎನ್ನಲಾಗದು. ಆದರೆ ಅಣ್ಣತಮ್ಮಂದಿರನ್ನು ಪರದೇಶಿಗಳನ್ನಾಗಿ ಮಾಡಿದ್ದು ಪುಸ್ತಕದಿಂದ ಬಂದ ಜನಾಂಗದ ಕಥೆ.

ಮೈಬಣ್ಣದ ವಿಷಯದಲ್ಲಿ ಆಫ್ರಿಕಾದ ಜನಪದ ನಿಜಕ್ಕೂ ಉತ್ತರ ಹೇಳಬೇಕಾದ ಜಾಗ ಬೇರೆ: ಅದು ಆಲ್ಬಿನಿಸಂನೊಂದಿಗೆ ಹುಟ್ಟಿದವರದು. ಕರಿಯ ತಾಯಿತಂದೆಯರಿಗೆ ಹುಟ್ಟುವ ಬೆಳ್ಳನೆಯ ಮಗು ಎರಡು ಲೋಕಗಳ ಗಡಿಯಲ್ಲಿ ನಿಂತಂತೆ ಕಂಡದ್ದರಿಂದ ಕಥೆಗಳು ಅದನ್ನು ಕೆಲವೆಡೆ ಪೂಜಿಸಿದವು, ಕೆಲವೆಡೆ ದೂರವಿಟ್ಟವು. ಯೊರುಬಾ ಪುರಾಣದಲ್ಲಿ ಮಣ್ಣಿನಿಂದ ಮನುಷ್ಯರನ್ನು ರೂಪಿಸುವ, ಬಿಳಿಬಟ್ಟೆಯ ದೈವ ಒಬಾಟಾಲಾ ಹೆಂಡ ಕುಡಿದ ಮಂಪರಿನಲ್ಲಿ ಅಂಗವಿಕಲರನ್ನೂ ಬಿಳಿಚಿದವರನ್ನೂ ಮಾಡಿದ. ಹಾಗಾಗಿ ಅವರೆಲ್ಲ ಅವನದೇ ರಕ್ಷಣೆಯ ಮಕ್ಕಳು. ಲೊವಾಂಗೊ ರಾಜ್ಯದಲ್ಲಿ ಅಂಥ ಮಕ್ಕಳನ್ನು ಅರಮನೆಗೆ ಒಪ್ಪಿಸಿ ಮಾಂತ್ರಿಕರಾಗಿ ಬೆಳೆಸುತ್ತಿದ್ದರೆಂದು ಹದಿನೇಳನೆಯ ಶತಮಾನದ ಆರಂಭದಲ್ಲಿ ಆಂಡ್ರೂ ಬ್ಯಾಟೆಲ್ ವರದಿ ಮಾಡಿದ್ದಾನೆ. ಅವರು ಸಾಯುವುದಿಲ್ಲ, ಮಾಯವಾಗುತ್ತಾರೆ ಎಂಬ ನಂಬಿಕೆ ಹಲವು ಕಡೆ ಇದೆ. ಇದರ ಕರಾಳ ಮುಖ ಕಂಡದ್ದು ಈ ಶತಮಾನದಲ್ಲಿ, ತಾಂಜಾನಿಯಾದಲ್ಲಿ ಅವರ ಅಂಗಾಂಗಗಳಿಗಾಗಿ ಕೊಲೆಗಳು ನಡೆದಾಗ. 2014ರಲ್ಲಿ ವಿಶ್ವಸಂಸ್ಥೆ ಜೂನ್ 13ನ್ನು ಆಲ್ಬಿನಿಸಂ ಜಾಗೃತಿ ದಿನವೆಂದು ಘೋಷಿಸಿತು, 2015ರಲ್ಲಿ ಈ ವಿಷಯಕ್ಕೇ ಸ್ವತಂತ್ರ ತಜ್ಞರ ಹುದ್ದೆಯನ್ನು ರಚಿಸಿತು. ಇದೆಲ್ಲ ಅನಾದಿ ಮೌಢ್ಯ ಎಂದು ಕೈತೊಳೆದುಕೊಳ್ಳುವುದು ಸುಲಭ. ಆದರೆ 2010ರ ಒಂದು ಅಧ್ಯಯನ ಈ ಕೊಲೆಗಳನ್ನು ವಾಯವ್ಯ ತಾಂಜಾನಿಯಾದ ಸಣ್ಣ ಚಿನ್ನದ ಗಣಿಗಳಲ್ಲಿ ಅದೃಷ್ಟ ಹುಡುಕುವವರ ಮಾಂತ್ರಿಕ ಮಾರುಕಟ್ಟೆಗೆ ಜೋಡಿಸಿತು. ನಂಬಿಕೆ ಹಳೆಯದು, ಅದಕ್ಕೆ ಬಿದ್ದ ಬೆಲೆ ಹೊಸದು. ಹಳೆಯ ನಂಬಿಕೆಯ ಹೊಣೆಯನ್ನು ಇದು ಕಡಿಮೆ ಮಾಡುವುದಿಲ್ಲ. ವಿಚಿತ್ರವೆಂದು ಗುರುತಿಸಿಟ್ಟ ದೇಹವೇ ಮಾರುಕಟ್ಟೆಯ ಕೈಗೆ ಸುಲಭವಾಗಿ ಸಿಗುತ್ತದೆ.

ಜನಪದ ಇಂದಿಗೂ ಹರಿಯುತ್ತಿರುವುದಕ್ಕೆ ಮಾಮಿ ವಾಟಾ ಎಂಬ ಜಲದೇವತೆಯ ರೂಪ ಒಳ್ಳೆಯ ನಿದರ್ಶನ, ಮತ್ತು ಅದರಲ್ಲಿ ಭಾರತದ ಪಾಲೂ ಇದೆ. ಪಶ್ಚಿಮ ಆಫ್ರಿಕಾದ ಉದ್ದಕ್ಕೂ ಸಂಪತ್ತನ್ನೂ ಅಪಾಯವನ್ನೂ ಕೊಡುವ ಈಕೆಯನ್ನು ತಿಳಿಬಣ್ಣದ, ಉದ್ದಗೂದಲಿನ, ಹಾವು ಹಿಡಿದ ಹೆಣ್ಣಾಗಿ ಚಿತ್ರಿಸುತ್ತಾರೆ. ಹೆನ್ರಿ ಡ್ರೂವಲ್ ಈ ಚಿತ್ರದ ಜಾಡು ಹಿಡಿದು, 1880ರ ದಶಕದಲ್ಲಿ ಹ್ಯಾಂಬರ್ಗ್‌ನಲ್ಲಿ ಅಚ್ಚಾದ ಹಾವಾಡಗಿತ್ತಿಯ ಬಣ್ಣದ ಮುದ್ರಣವೇ ಇದರ ಮೂಲವೆಂದು ತೋರಿಸಿದರು. ಘಾನಾದ ಕುಮಾಸಿಯ ವ್ಯಾಪಾರಿಗಳ ಬೇಡಿಕೆಯಂತೆ 1955ರಲ್ಲಿ ಮುಂಬಯಿಯ ಶ್ರೀರಾಮ್ ಕ್ಯಾಲೆಂಡರ್ ಕಂಪನಿ ಇದನ್ನು 12,000 ಪ್ರತಿಗಳಲ್ಲಿ ಮರುಮುದ್ರಿಸಿತು. ಹಿಂದೂ ದೇವತೆಗಳ ಪಟಗಳೂ ಇದೇ ಆರಾಧನೆಯೊಳಗೆ ಸೇರಿದವು. ತಿಳಿಬಣ್ಣದ ದೇವತೆಯನ್ನು ಪೂಜಿಸುವುದು ಬಿಳಿಯ ಮೋಹವೇ? ಭಾಗಶಃ ಹೌದು, ಹೊರಗಿನ ಸರಕು, ಹೊರಗಿನ ಸುಖಗಳ ಸೆಳೆತ ಅದರಲ್ಲಿದೆ. ಆದರೆ ನೀರಿನಾಚೆಯ ಬಿಳುಪು ಬೇರೆ ಲೋಕದ್ದೆಂಬ ಹಳೆಯ ಅರ್ಥವೂ ಅದರಲ್ಲೇ ಬದುಕಿದೆ. ಆಕೆ ಕೊಡುವ ಸಂಪತ್ತಿಗೆ ಬೆಲೆ ತೆರಬೇಕಾಗುತ್ತದೆ, ಅನೇಕ ಕಥೆಗಳಲ್ಲಿ ಸಂತಾನದ ರೂಪದಲ್ಲಿ. ಕಡಲ ವ್ಯಾಪಾರ ಕೊಟ್ಟದ್ದನ್ನೂ ಕಿತ್ತುಕೊಂಡದ್ದನ್ನೂ ಒಂದೇ ಮುಖದಲ್ಲಿ ಹಿಡಿದಿಟ್ಟ ದೇವತೆ ಈಕೆ.

ವೆರೋನಿಕಾ ಗೊರೊಗ್ ಕರಾಡಿ 1976ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರಕಟಿಸಿದ, ಆಫ್ರಿಕಾದ ಮೌಖಿಕ ಸಾಹಿತ್ಯದಲ್ಲಿ ಕರಿಯರು ಮತ್ತು ಬಿಳಿಯರ ಚಿತ್ರಣದ ಕುರಿತ ಸಂಕಲನ ಈ ಕ್ಷೇತ್ರದ ತಳಹದಿ. ಅಸಮಾನತೆಯ ಮೂಲ ಹೇಳುವ ಕಥೆಗಳೇ ಅದರ ದೊಡ್ಡ ಭಾಗ. ಅಂಥ ಪಠ್ಯಗಳನ್ನು ಪಾದ್ರಿಗಳು, ಅಧಿಕಾರಿಗಳು, ಮಾನವಶಾಸ್ತ್ರಜ್ಞರು ಬರೆದುಕೊಂಡರೆಂಬುದು ಅವುಗಳನ್ನು ಎಸೆಯಲು ಕಾರಣವಾಗಬಾರದು, ಎಚ್ಚರದಿಂದ ಓದಲು ಕಾರಣವಾಗಬೇಕು. ನಮ್ಮ ಈ ಸಮೀಕ್ಷೆಯ ತೀರ್ಪು ಹೀಗೆ: ಆಫ್ರಿಕಾದ ಜನಪದ ಬಣ್ಣದ ಬಗ್ಗೆ ಮುಗ್ಧವೂ ಅಲ್ಲ, ತನ್ನ ಬಣ್ಣದ ಬಗ್ಗೆ ನಾಚಿಕೊಂಡದ್ದೂ ಅಲ್ಲ. ಮನುಷ್ಯರ ಬೆಲೆಯನ್ನು ಮೈಬಣ್ಣದಿಂದ ಕಟ್ಟುವ ವ್ಯವಸ್ಥೆ ಎದುರಾದಾಗಲೆಲ್ಲ ಅದು ತನ್ನ ಹಳೆಯ ಅಚ್ಚುಗಳನ್ನು ಹೊರತೆಗೆದು ಪ್ರಶ್ನೆ ಕೇಳಿದೆ, ನಕ್ಕಿದೆ, ಹೆದರಿದೆ, ಒಮ್ಮೊಮ್ಮೆ ಸೋತು ಒಪ್ಪಿಕೊಂಡಿದೆ. ಆಫ್ರಿಕಾದ ಕಥೆಗಳನ್ನು ಕನ್ನಡಕ್ಕೆ ತರುವವರೂ ಮಕ್ಕಳಿಗೆ ಆರಿಸಿ ಕೊಡುವವರೂ ಇಷ್ಟು ಮಾಡಿದರೆ ಸಾಕು: ಪ್ರತಿ ಕಥೆಯ ಕೆಳಗೆ ಅದು ಯಾವ ಜನರದು, ಯಾರು ಯಾರಿಗೆ ಹೇಳಿದ್ದು, ಯಾವ ವರ್ಷ ಬರೆದುಕೊಂಡದ್ದು ಎಂದು ಒಂದು ಸಾಲು ಹಾಕಲಿ. ‘ಒಂದು ಆಫ್ರಿಕನ್ ಕಥೆ’ ಎಂಬಷ್ಟೇ ಶೀರ್ಷಿಕೆ ಯಾವ ಕಥೆಗೂ ಸಾಲದು.